24 ದಿನದಿಂದ ಲೂಸ್ ಮೋಷನ್ ನಿಲ್ತಿಲ್ಲ, ನೀವೆಲ್ಲ ಮನೇಲಿ ಹೇಗೆ ನೋಡ್ಕೊಂಡ್ರಿ? ಅನುಭವ ಇದ್ದವರು ಹೇಳಿ

ಚಿನ್ನು ಅಮ್ಮ (ವಿಜಯನಗರ, ಬೆಂಗಳೂರು):
ಎಲ್ರಿಗೂ ನಮಸ್ಕಾರ. ನಮ್ಮ ಚಿನ್ನುಗೆ ನಾಲ್ಕು ವರ್ಷ, ನಾಟಿ ನಾಯಿ, 17 ಕೆಜಿ. ಇವತ್ತಿಗೆ 24 ದಿನ ಆಯ್ತು ಹೊಟ್ಟೆ ಕೆಟ್ಟು. ದಿನಕ್ಕೆ ಐದಾರು ಸಲ ಹೋಗ್ತಾಳೆ, ಸ್ವಲ್ಪ ಸ್ವಲ್ಪನೇ, ತಿಣುಕಿ ತಿಣುಕಿ, ಕೊನೇಲಿ ಲೋಳೆ. ಎರಡು ಸಲ ಒಂದೊಂದು ಹನಿ ರಕ್ತಾನೂ ಕಂಡೆ. ಮೆಟ್ರೋನಿಡಜೋಲ್ ಅನ್ನೋ ಆಂಟಿಬಯೋಟಿಕ್ ಐದೈದು ದಿನದ್ದು ಎರಡು ಕೋರ್ಸ್ ಆಗಿದೆ, ಕೊಡೋವಾಗ ಗಟ್ಟಿ ಆಗತ್ತೆ, ನಿಲ್ಲಿಸಿ ಮೂರು ದಿನಕ್ಕೆ ಮತ್ತೆ ಅದೇ ಕಥೆ. ಊಟ ಮಾಡ್ತಾಳೆ, ಆಟಾನೂ ಆಡ್ತಾಳೆ. ಮೊಸರನ್ನ ನೋಡಾಯ್ತು, ಚಿಕನ್ ಅನ್ನ ನೋಡಾಯ್ತು. ರಾತ್ರಿ ಮೂರು ಗಂಟೆಗೆ ಮೂರನೇ ಮಹಡಿಯಿಂದ ಇಳಿಸಿ ಇಳಿಸಿ ನಂಗೂ ಸಾಕಾಗಿ ಹೋಗಿದೆ. ನಿಮ್ಮನೇಲಿ ಏನು ಮಾಡಿದ್ರಿ, ಎಷ್ಟು ದಿನ ಹಿಡೀತು?

ಸೀಸರ್ ಅಪ್ಪ (ಮೈಸೂರು):
24 ದಿನ ಅಂದ್ರಲ್ಲ ಮೇಡಂ, ನಮ್ದು ಐದು ತಿಂಗಳು. ಜರ್ಮನ್ ಶೆಫರ್ಡ್, 31 ಕೆಜಿ ಇದ್ದವನು 22.5ಕ್ಕೆ ಇಳಿದ. ಕಕ್ಕ ಅಂದ್ರೆ ಸಗಣಿ ರಾಶಿ ಹಾಗೆ, ಬೂದಿ ಹಳದಿ ಬಣ್ಣ, ತೊಳೆಯೋಕೆ ನೀರು ಹಾಕಿದ್ರೆ ಮೇಲೆ ಎಣ್ಣೆ ಜಿಡ್ಡು ತೇಲೋದು. ಹಸಿವು ಮಾತ್ರ ರಾಕ್ಷಸ ಹಸಿವು, ಬಟ್ಟಲು ನೆಕ್ಕಿ ಮುಗಿಸಿ ತನ್ನ ಕಕ್ಕಕ್ಕೇ ಬಾಯಿ ಹಾಕೋಕೆ ಹೋಗೋನು. ಪಕ್ಕೆಲುಬು ದೂರದಿಂದಲೇ ಎಣಿಸಬಹುದಿತ್ತು. ವಾಕಿಂಗ್ ಹೋದ್ರೆ ದಾರೀಲಿ ಹೋಗೋರು "ಇದಕ್ಕೆ ಊಟ ಹಾಕಲ್ವಾ" ಅಂತ ಕೇಳೋರು, ದಿನಕ್ಕೆ ಒಂದು ಕೆಜಿ ಚಿಕನ್ ಹಾಕ್ತಿದ್ದವನಿಗೆ ಈ ಮಾತು ಹೇಗಿರತ್ತೆ ಹೇಳಿ. ನಾಲ್ಕು ಸಲ ಜಂತುಹುಳದ ಮಾತ್ರೆ, ಮೂರು ಥರ ಆಂಟಿಬಯೋಟಿಕ್, ಎರಡು ಸಲ ಸ್ಕ್ಯಾನಿಂಗ್, ಬಿಲ್ಲೆಲ್ಲ ಇಟ್ಟಿದ್ದೀನಿ, 38,400 ರೂಪಾಯಿ, ರಿಸಲ್ಟ್ ಸೊನ್ನೆ. ನಾಲ್ಕನೇ ಡಾಕ್ಟ್ರು ನೋಡಿದ ಕೂಡಲೇ ಕೇಳಿದ್ದು ಒಂದೇ, ಟಿಎಲ್ಐ ಅನ್ನೋ ರಕ್ತ ಪರೀಕ್ಷೆ ಮಾಡಿಸಿದ್ದೀರಾ ಅಂತ. ರಾತ್ರಿಯಿಂದ ಹೊಟ್ಟೆ ಖಾಲಿ ಇಟ್ಟು ರಕ್ತ ಕೊಟ್ವಿ. 2.5ಕ್ಕಿಂತ ಕಮ್ಮಿ ಬಂದ್ರೆ ಮೇದೋಜೀರಕ ಗ್ರಂಥಿ ಕೆಲಸ ಮಾಡ್ತಿಲ್ಲ ಅಂತ ಅರ್ಥ, ನಮ್ದು 1.2. ತಿಂದಿದ್ದು ಜೀರ್ಣ ಆಗೋಕೆ ಬೇಕಾದ ರಸನೇ ಇಲ್ಲ, ಇನ್ನು ಅನ್ನ ಆದ್ರೇನು ಚಿಕನ್ ಆದ್ರೇನು! ಈಗ ಪ್ರತಿ ಊಟಕ್ಕೂ ಎನ್ಜೈಮ್ ಪುಡಿ ಕಲಸಿ ಹಾಕ್ತೀವಿ, ಜೀವಮಾನ ಪೂರ್ತಿ. ಜೊತೆಗೆ ಬಿ12 ಇಂಜೆಕ್ಷನ್ ವಾರಕ್ಕೊಂದರಂತೆ ಆರು ವಾರ. ಪುಡಿ ತಿಂಗಳಿಗೆ 3,200 ಆಗತ್ತೆ. ಒಣಗಿದ ಪುಡಿ ಹಾಗೇ ಹಾಕಿ ಮೊದಲ ವಾರ ಬಾಯೆಲ್ಲ ಹುಣ್ಣು ಮಾಡ್ಕೊಂಡ, ನೀರಲ್ಲಿ ಚೆನ್ನಾಗಿ ನೆನೆಸಿ ಕೊಡೋದು ಆಮೇಲೆ ಗೊತ್ತಾಯ್ತು. ಈಗ 30.2 ಕೆಜಿ. ಟಿಎಲ್ಐ ಮಾಡಿಸಿ, ಟೈಮ್ ವೇಸ್ಟ್ ಮಾಡಬೇಡಿ.

ಧಾರವಾಡದವ:
ಇಷ್ಟ್ಯಾಕ ಗಾಬರಿ ಆಗ್ತೀರಿ ಅಕ್ಕಾರ. ನಮ್ಮ ಮನ್ಯಾಗ ಮುಧೋಳ ನಾಯಿ ಮೂರು ತಲಿಯಿಂದ ಅದಾವ. ಹೋದ ವರ್ಷ ನಮ್ಮ ರಾಜಾಗ ಇಪ್ಪತ್ತು ದಿನ ಹಿಂಗ ಆಗಿತ್ತು. ಒಂದು ದಿನ ಏನೂ ಹಾಕಲಿಲ್ಲ, ನೀರಷ್ಟ. ಮರುದಿನದಿಂದ ಜ್ವಾಳದ ಅಂಬಲಿ ತೆಳ್ಳಗ ಮಾಡಿ, ಬೆಣ್ಣಿ ಪೂರಾ ತೆಗೆದ ಮಜ್ಜಿಗಿ ಹಾಕಿ ದಿನಕ್ಕ ಐದು ಸಲ ಸ್ವಲ್ಪ ಸ್ವಲ್ಪ ಕೊಟ್ವಿ. ನಮ್ಮವ್ವ ಸಾಣಿಕಲ್ಲಿನ ಮ್ಯಾಲ ಜಾಯಿಕಾಯಿ ತೇಯ್ದು ನೆಕ್ಕಸತಿದ್ಲು, ಕೂಸಿಗೆ ಮಾಡಿದ್ಹಂಗ. ಒಂಬತ್ತನೇ ದಿನಕ್ಕ ಗಟ್ಟಿ ಆತು. ಖರ್ಚು ಅಂದ್ರ ಐವತ್ತು ರೂಪಾಯಿ ಸೈತ ಇಲ್ಲ. ಮೂವತ್ತೆಂಟು ಸಾವಿರ ಕೇಳಿ ಎದಿ ಒಡದಂಗ ಆತು ನನಗ.

ಬ್ರೂನೊ ಮನೆ (ಮಂಗಳೂರು):
ಜಾಯಿಕಾಯಿ ಮಾತ್ರ ಯಾರೂ ಕೊಡ್ಬೇಡಿ ಮಾರಾಯ್ರೆ! ಅದರಲ್ಲಿ ಮಿರಿಸ್ಟಿಸಿನ್ ಅಂತ ಉಂಟು, ನಾಯಿಗೆ ಜಾಸ್ತಿ ಹೋದ್ರೆ ಎದೆಬಡಿತ ಏರ್ತದೆ, ನಡುಕ ಬರ್ತದೆ. ಕೂಸಿಗೆ ಆಗೋದೆಲ್ಲ ನಾಯಿಗೆ ಆಗ್ಲಿಕ್ಕಿಲ್ಲ. ಎಷ್ಟು ತೇಯ್ದ್ರಿ ಅಂತ ಅಳತೆ ಉಂಟಾ ನಿಮ್ಮತ್ರ?

ನಮ್ಮದು ಜಿಯಾರ್ಡಿಯಾ, ಕರುಳಲ್ಲಿ ಇರುವ ಒಂದು ಸೂಕ್ಷ್ಮ ಪರೋಪಜೀವಿ. ಲೋಳೆ ಲೋಳೆ, ವಿಪರೀತ ವಾಸನೆ, ಎರಡು ದಿನ ಸರಿ ಮೂರನೇ ದಿನ ಪುನಃ. ಕಕ್ಕದ ಟೆಸ್ಟ್ ಮಾಡಿಸಿದ್ರೆ ಏನೂ ಇಲ್ಲ ಅಂತ ಬಂತು. ಅದನ್ನೇ ನಂಬಿ ನಾವು ಒಂದೂವರೆ ತಿಂಗಳು ಹಾಳು ಮಾಡಿದೆವು. ಆಮೇಲೆ ಗೊತ್ತಾದದ್ದು ಎಂತ ಅಂದ್ರೆ ಅದು ದಿನಾ ಹೊರಗೆ ಬೀಳುವುದಿಲ್ಲ, ಬೇರೆ ಬೇರೆ ದಿನದ ಮೂರು ಸ್ಯಾಂಪಲ್ ನೋಡ್ಬೇಕು. ನಮಗೆ ಸಿಕ್ಕಿದ್ದು ಮೂರನೆಯದರಲ್ಲಿ. ಐದು ದಿನ ಫೆನ್‌ಬೆಂಡಜೋಲ್, ಜಂತುಹುಳದ ಔಷಧಿ ಅದು, ತೂಕ ನೋಡಿ ಡಾಕ್ಟರು ಬರೆದ ಡೋಸ್. ಸರಿಯಾಯ್ತು ಅಂತ ಖುಷಿಯಾದೆವು, ಹದಿನೆಂಟನೇ ದಿನಕ್ಕೆ ಪುನಃ ಬಂತು. ಯಾಕೆ? ಅದರ ಸಿಸ್ಟ್ (ಮೊಟ್ಟೆ ಥರದ ಗಟ್ಟಿ ಕೋಶ) ಬಾಲದ ಬುಡದ ರೋಮಕ್ಕೆ ಅಂಟಿಕೊಂಡಿರ್ತದೆ, ನಾಯಿ ನೆಕ್ಕುತ್ತದೆ, ಮತ್ತೆ ಹೊಟ್ಟೆಗೆ. ಒಣಗಿದ್ರೆ ಅದು ಸಾಯ್ತದೆ, ಆದ್ರೆ ಜುಲೈ ತಿಂಗಳಲ್ಲಿ ನಮ್ಮಲ್ಲಿ ಒಣಗ್ಲಿಕ್ಕೆ ಎಂತ ಉಂಟು? ಅಂಗಳ ಪೂರಾ ಪಾಚಿ. ಎರಡನೇ ಸಲ ಕೋರ್ಸಿನ ಕೊನೇ ದಿನ ಶಾಂಪೂ ಹಾಕಿ ಹಿಂಭಾಗ ಪೂರ್ತಿ ತೊಳೆದು, ಹಾಸಿಗೆ ಬಟ್ಟೆ ಕುದಿಯುವ ನೀರಿಗೆ ಹಾಕಿ, ನೀರಿನ ಬಟ್ಟಲು ದಿನಾ ಕುದಿಸಿ, ಅಂಗಳಕ್ಕೆ ಬಿಡುವುದೇ ನಿಲ್ಲಿಸಿದೆವು. ಕಾರ್ ಶೆಡ್ಡಿನ ಒಣ ಸಿಮೆಂಟಿನ ಮೇಲೆ ಹಗ್ಗದಲ್ಲಿ ಕಟ್ಟಿ ಹೋಗಿಸ್ತಿದ್ದೆ, ಮಾಡಿದ ಕೂಡಲೇ ಎತ್ತಿ. ಆಮೇಲೆ ಬರ್ಲಿಲ್ಲ. ನನ್ನ ಎರಡು ಮೊಣಕಾಲು ಹೋಯ್ತು ನೆಲ ಉಜ್ಜಿ ಉಜ್ಜಿ.

ಧಾರವಾಡದವ:
ಅಳತಿ ಕೇಳ್ತೀರಲ್ಲ, ನಮ್ಮವ್ವ ಎಪ್ಪತ್ತು ವರ್ಷದಾಕಿ, ಒಂದು ಸುತ್ತು ತೇಯ್ದು ಬೆರಳ ತುದಿಗೆ ಹತ್ತಿದಷ್ಟ ಹಾಕೂದು. ನಮ್ಮ ನಾಯಿ ಹದಿಮೂರು ವರ್ಷ ಬಾಳ್ಯಾವ. ನಿಮ್ಮ ಪೇಟಿ ನಾಯಿ ಎಷ್ಟು ವರ್ಷ ಬದುಕ್ತಾವ ಹೇಳ್ರಿ?

ಸೀಸರ್ ಅಪ್ಪ (ಮೈಸೂರು):
ಸಾರ್, ಪೇಟೆ ನಾಯಿ ಹಳ್ಳಿ ನಾಯಿ ಅನ್ನೋ ಮಾತು ಯಾಕೆ. ನಿಮ್ಮದು ತಾನಾಗೇ ವಾಸಿ ಆಗೋ ಕಾಯಿಲೆ ಇತ್ತು, ಆಯ್ತು. ಸೀಸರ್‌ಗೆ ಅಂಬಲಿ ಕೊಟ್ಕೊಂಡು ಕೂತಿದ್ರೆ ಇವತ್ತು ಅವನು ಇರ್ತಿರ್ಲಿಲ್ಲ. ಖರ್ಚು ಮಾಡಿದವರನ್ನ ದಡ್ಡರು ಅಂದ್ಕೋಬೇಡಿ.

ಚೆರ್ರಿ ಅಮ್ಮ (ಹಾಸನ):
ನಾನು ಇಲ್ಲಿ ಬರೆಯೋದು ಇದೇ ಮೊದಲು, ತುಂಬಾ ದಿನದಿಂದ ಒಳಗೇ ಇಟ್ಕೊಂಡಿದ್ದೆ. ನಮ್ಮ ಚೆರ್ರಿ ಬೀಗಲ್. ಏಳು ತಿಂಗಳು ಇದೇ ಗೋಳು. ಎಲ್ಲಾ ಟೆಸ್ಟ್ ನಾರ್ಮಲ್ ಬಂದ ಮೇಲೆ ಡಾಕ್ಟ್ರು ಹೇಳಿದ್ರು ಇದು ಊಟದ ಅಲರ್ಜಿ ಇರಬಹುದು, ಹೈಡ್ರೊಲೈಸ್ಡ್ ಪ್ರೋಟೀನ್ (ಅಲರ್ಜಿ ಆಗದ ಹಾಗೆ ಚಿಕ್ಕ ಚೂರು ಮಾಡಿದ ಪ್ರೋಟೀನ್) ಇರೋ ಫುಡ್ ಮಾತ್ರ ಕೊಡಿ, ಬೇರೆ ಒಂದು ತುತ್ತೂ ಬೇಡ, ಹೊಟ್ಟೆ ಕಾಯಿಲೆಗೆ ಎರಡು ವಾರದಲ್ಲೇ ಗೊತ್ತಾಗತ್ತೆ ಅಂತ. 2 ಕೆಜಿ ಬ್ಯಾಗಿಗೆ 2,900 ಕೊಟ್ಟು ತಂದೆ. ಮೊದಲ ವಾರ ಚೆನ್ನಾಗಾಯ್ತು, ಎರಡನೇ ವಾರ ಮತ್ತೆ ನೀರು ನೀರು. ಆ ಫುಡ್ ಆಗಲ್ಲ ಅಂತ ಬೇರೆ ಕಂಪನಿದು ತಂದೆ, ಅದೂ ಆಗಲ್ಲ ಅಂತ ಮೂರನೇದು. ಹೀಗೆ ಐದು ಬ್ಯಾಗ್, 14,700 ರೂಪಾಯಿ. ಒಂದು ದಿನ ಆಫೀಸಿಂದ ಬೇಗ ಬಂದೆ. ಸಂಜೆ ನಾಲ್ಕು ಗಂಟೆ, ನಮ್ಮತ್ತೆ ದಿವಾನ ಮೇಲೆ ಕೂತು ಕಾಫೀಲಿ ಪಾರ್ಲೆ-ಜಿ ಅದ್ದಿ ಅದ್ದಿ ಚೆರ್ರಿ ಬಾಯಿಗೆ ಇಡ್ತಿದ್ದಾರೆ. ದಿವಾನ ಹಿಂದೆ ಕೈ ಹಾಕಿದ್ರೆ ಬಿಸ್ಕತ್ತಿನ ಪುಡಿ, ಎರಡು ಖಾಲಿ ಕವರ್, ಚಪಾತಿ ಚೂರು. ನಾನು ರಾತ್ರಿ ಎದ್ದು ಎದ್ದು ಕಣ್ಣೆಲ್ಲ ಊದಿಸ್ಕೊಂಡಿದ್ದು ಅವರಿಗೆ ಕಾಣ್ತಿರ್ಲಿಲ್ವಾ? ಬಿಸ್ಕತ್ತು ನಿಂತ ಒಂಬತ್ತನೇ ದಿನಕ್ಕೆ ಚೆರ್ರಿ ಹೊಟ್ಟೆ ಸರಿ ಆಯ್ತು. ಮೊದಲನೇ ಬ್ಯಾಗಿನ ಫುಡ್ಡೇ ಸಾಕಾಗಿತ್ತು.

ಸಾವಿತ್ರಮ್ಮನ ಮನೆ (ತಿಪಟೂರು):
ನಾನೂ ಅತ್ತೇನೇ ಮಗಳೇ. ನೀವು ಬೆಳಿಗ್ಗೆ ಎಂಟಕ್ಕೆ ಹೋದ್ರೆ ಸಂಜೆ ಏಳಕ್ಕೆ ಬರ್ತೀರಿ, ಇಡೀ ದಿನ ಆ ನಾಯಿ ಯಾರ ಕಾಲ ಹತ್ರ ಮಲಗಿರತ್ತೆ? ಅದು ಮುಖ ನೋಡ್ಕೊಂಡು ಕೂತ್ರೆ ನಮಗೆ ಗಂಟಲಲ್ಲಿ ಇಳಿಯಲ್ಲ. ಕೊಡಬಾರದು ಅಂತ ಯಾಕೆ ಅಂತ ಕೂರಿಸಿ ಹೇಳಿದ್ರಾ, ಇಲ್ಲಾ ಬರೀ "ಕೊಡ್ಬೇಡಿ" ಅಂದು ಓಡಿದ್ರಾ? ಎಲ್ಲರ ಮುಂದೆ ಮನೆ ಹಿರಿಯರ ಮಾತು ಎತ್ತೋದು ಸರಿ ಇಲ್ಲ.

ಚೆರ್ರಿ ಅಮ್ಮ (ಹಾಸನ):
ಅಮ್ಮ, ಫ್ರಿಜ್ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದು ಅಂಟಿಸಿದ್ದೆ. ಡಾಕ್ಟ್ರ ಹತ್ರ ಅವರನ್ನೂ ಕರ್ಕೊಂಡು ಹೋಗಿದ್ದೆ. ಹೂಂ ಹೂಂ ಅಂದು ಬಂದು ಹೀಗೆ ಮಾಡಿದ್ರೆ ಯಾರಿಗೆ ಹೇಳ್ಕೊಳ್ಳೋದು?

ಧಾರವಾಡದವ:
ಮನಿ ಜಗಳ ಮನ್ಯಾಗ ಇರ್ಲಿ. ಬಿಸ್ಕೀಟು ಯಾವ ನಾಯಿಗೂ ಛಲೋ ಅಲ್ಲ, ಇದಕ್ಕ ಮಾತ್ರ ನಾನು ಒಪ್ತೀನಿ. ಮೈದಾ, ಸಕ್ಕರಿ.

ಬ್ರೂನೊ ಮನೆ (ಮಂಗಳೂರು):
ಹಾಲು ಕೂಡ ಬೇಡ. ಬೆಳೆದ ನಾಯಿಗಳಿಗೆ ಹಾಲಿನ ಸಕ್ಕರೆ ಲ್ಯಾಕ್ಟೋಸ್ ಜೀರ್ಣ ಆಗುವುದು ಕಷ್ಟ. ಮಜ್ಜಿಗೆ ಸಹ ನೋಡಿಕೊಂಡು.

ಧಾರವಾಡದವ:
ಈಗ ಮಜ್ಜಿಗಿಗೂ ಬಂದ್ರಿ. ಹುಳಿ ಬಂದ ಮಜ್ಜಿಗ್ಯಾಗ ಹಾಲಿನ ಸಕ್ಕರಿ ಸ್ವಲ್ಪ ಕಡಿಮಿ ಆಗಿರ್ತದ, ಓದಿದವರು ನೀವು, ನಿಮಗ ಗೊತ್ತಿರಬೇಕಾಗಿತ್ತು.

ತುಮಕೂರಿಂದ:
ನಿಮ್ಮ ಮಜ್ಜಿಗೆ ಜಗಳ ಸಾಕು ಮಾಡ್ತೀರಾ? ನಮ್ಮ ಮಿನ್ನಿ ಇಲ್ಲ ಈಗ.

ಅವಳಿಗೆ ಆರು ವರ್ಷ ಇತ್ತು. ಒಂದು ವರ್ಷದಿಂದ ಹೀಗೇ, ತಿಂಗಳಿಗೊಮ್ಮೆ ಎರಡು ತಿಂಗಳಿಗೊಮ್ಮೆ ನಾಲ್ಕು ದಿನ ಭೇದಿ, ಒಂದೆರಡು ವಾಂತಿ, ಸುಸ್ತು. ಒಂದು ಡ್ರಿಪ್ ಹಾಕಿಸಿದ್ರೆ ಮಾರನೇ ದಿನ ಎದ್ದು ಬಾಲ ಆಡಿಸೋಳು. ಮನೇಗೆ ನೆಂಟರು ಬಂದ್ರೆ, ನಾವು ಊರಿಗೆ ಹೋಗಿ ಬಂದ್ರೆ ಜಾಸ್ತಿ. ಸೂಕ್ಷ್ಮ ಹೊಟ್ಟೆ ಅಂತ ನಾವೇ ಹೆಸರಿಟ್ವಿ. ಗಂಜಿ, ಸಿಹಿಗುಂಬಳ, ಓಆರ್‌ಎಸ್ ಎಲ್ಲ ಮನೇಲೇ ಮಾಡೋದು ರೂಢಿ ಆಗಿತ್ತು, ನಂಗೆ ಅದೇ ಒಂದು ಹೆಮ್ಮೆ ಬೇರೆ, ಆಸ್ಪತ್ರೆಗೆ ಓಡದೆ ನೋಡ್ಕೋತೀನಿ ಅಂತ. 2022ರ ದೀಪಾವಳಿ. ಪಟಾಕಿ ಸದ್ದಿಗೆ ಮಂಚದ ಕೆಳಗೆ ಸೇರ್ಕೊಂಡಳು, ಬೆಳಿಗ್ಗೆ ಎಳೆದು ಈಚೆ ತಂದ್ರೆ ಕಾಲಲ್ಲಿ ಶಕ್ತಿ ಇಲ್ಲ, ಒಸಡು ಬಿಳಿಚಿಕೊಂಡು ತಣ್ಣಗೆ. ರಕ್ತದಲ್ಲಿ ಸೋಡಿಯಂ ಇಳಿದು ಪೊಟ್ಯಾಸಿಯಂ ಏರಿ ಹೃದಯ ನಿಧಾನ ಆಗಿತ್ತು. ಅಡಿಸನ್ಸ್ ಅಂತ ಹೇಳಿದ್ರು. ಮೂತ್ರಪಿಂಡದ ಮೇಲಿರೋ ಗ್ರಂಥಿ ಕೆಲಸ ಮಾಡಲ್ಲ, ಗಾಬರಿ ತಡ್ಕೊಳ್ಳೋಕೆ ಬೇಕಾದ ಕಾರ್ಟಿಸಾಲೇ ಮೈಯಲ್ಲಿ ಇರಲ್ಲ. ಗೊತ್ತಾದ್ರೆ ಮಾತ್ರೇಲಿ ವರ್ಷಗಟ್ಟಲೆ ಇರ್ತಾವೆ ಅಂದ್ರು. ನಮಗೆ ಗೊತ್ತಾಗಿದ್ದು ಮಧ್ಯಾಹ್ನ ಹನ್ನೆರಡಕ್ಕೆ, ಅವಳು ಹೋಗಿದ್ದು ಮೂರೂವರೆಗೆ. ವರ್ಷದಲ್ಲಿ ಏಳು ಸಲ ತೋರಿಸಿದ ಕ್ಲಿನಿಕ್ಕಲ್ಲಿ ಒಂದು ಸಲಾನೂ ಈ ಸೋಡಿಯಂ ಪೊಟ್ಯಾಸಿಯಂ ನೋಡೋ ಎಲೆಕ್ಟ್ರೋಲೈಟ್ ಟೆಸ್ಟ್ ಬರೀಲಿಲ್ಲ, ನಾನೂ ಕೇಳಲಿಲ್ಲ.

ಸೀಸರ್ ಅಪ್ಪ (ಮೈಸೂರು):
ಓದಿ ಕೈ ನಡುಗ್ತು. ನೀವು ಮಾಡಿದ್ದು ಕಮ್ಮಿ ಅಲ್ಲ ಮೇಡಂ.

ಸಾವಿತ್ರಮ್ಮನ ಮನೆ (ತಿಪಟೂರು):
ಅಯ್ಯೋ ಕಂದ.

ಚಿನ್ನು ಅಮ್ಮ (ವಿಜಯನಗರ, ಬೆಂಗಳೂರು):
ಎಲ್ಲಾ ಓದ್ತಾ ಇದ್ದೀನಿ. ತುಮಕೂರು ಮೇಡಂ, ನಿಮ್ಮದು ಓದಿ ನಿನ್ನೆ ರಾತ್ರಿ ಚಿನ್ನು ಒಸಡು ಒತ್ತಿ ಒತ್ತಿ ನೋಡಿದೆ, ಬೆರಳು ತೆಗೆದ ತಕ್ಷಣ ಗುಲಾಬಿ ಬಣ್ಣ ಬರತ್ತೆ. ತೂಕ ಅಷ್ಟೇನೂ ಇಳಿದಿಲ್ಲ, 16.8. ನಾಳೆ ಬೆಳಿಗ್ಗೆ ಬೇಗ ಹೆಬ್ಬಾಳದ ವೆಟರ್ನರಿ ಕಾಲೇಜಿಗೆ ಕರ್ಕೊಂಡು ಹೋಗ್ತೀನಿ, ಎಲೆಕ್ಟ್ರೋಲೈಟೂ ಕೇಳ್ತೀನಿ, ಕಕ್ಕದ ಟೆಸ್ಟೂ ಮಾಡಿಸ್ತೀನಿ. ಆ ಮೆಟ್ರೋನಿಡಜೋಲ್ ಬಗ್ಗೆ ಯಾರೂ ಹೇಳಲಿಲ್ಲ, ಮೂರನೇ ಕೋರ್ಸ್ ಚೀಟಿ ಕೈಯಲ್ಲಿದೆ. ಎಷ್ಟು ಕಹಿ ಅಂದ್ರೆ ಬಾಯಲ್ಲಿ ಇಟ್ಟ ಕೂಡಲೇ ನೊರೆ ಸುರಿಸ್ತಾಳೆ, ಗೋಡೆಗೆಲ್ಲ ಒರೆಸ್ತಾಳೆ.

ಚೆರ್ರಿ ಅಮ್ಮ (ಹಾಸನ):
ಚೆರ್ರಿಗೆ ನಾಲ್ಕು ಕೋರ್ಸ್ ಆಗಿತ್ತು. ಹೊಸ ಡಾಕ್ಟ್ರು ಕೇಳಿ ಬೇಜಾರು ಮಾಡ್ಕೊಂಡ್ರು, ಕಾರಣ ಹುಡುಕದೆ ಅದನ್ನೇ ಕೊಡ್ತಾ ಹೋದ್ರೆ ಹೊಟ್ಟೇಲಿರೋ ಒಳ್ಳೆ ಬ್ಯಾಕ್ಟೀರಿಯಾ ಹಾಳಾಗತ್ತೆ, ಡೋಸ್ ಜಾಸ್ತಿ ಆದ್ರೆ ನರಕ್ಕೂ ತೊಂದರೆ, ನಾಯಿ ತೂರಾಡತ್ತೆ ಅಂತ. ಚೀಟಿ ತಗೊಂಡು ಹೋಗಿ ಅಲ್ಲೇ ಕೇಳಿ, ನೀವಾಗೇ ಶುರು ಮಾಡ್ಬೇಡಿ. ನಿಮ್ಮನೇಲಿ ಹಗಲು ಯಾರು ಇರ್ತಾರೆ ಅಂತಾನೂ ಒಂದು ಸಲ ನೋಡ್ಕೊಳ್ಳಿ.

ಸಾವಿತ್ರಮ್ಮನ ಮನೆ (ತಿಪಟೂರು):
ಮತ್ತೆ ಅಲ್ಲಿಗೇ ಬಂದ್ಯಾ ತಾಯಿ.

ಚಿನ್ನು ಅಮ್ಮ (ವಿಜಯನಗರ, ಬೆಂಗಳೂರು):
ನಮ್ಮನೇಲಿ ನಾನು, ಚಿನ್ನು ಇಬ್ರೇ. ಆದ್ರೆ ಕೆಳಗಡೆ ಬೇಕರಿಯವರು ದಿನಾ ಬನ್ನಿನ ಚೂರು ಹಾಕ್ತಾರೆ, ಅದನ್ನ ನಾನು ಲೆಕ್ಕಕ್ಕೇ ತಗೊಂಡಿರ್ಲಿಲ್ಲ. ಮಂಗಳೂರು ಸಾರ್, ರಾತ್ರಿ ಮೂರು ಗಂಟೆ ಸ್ಯಾಂಪಲ್ ಬೆಳಿಗ್ಗೆ ತನಕ ಹೊರಗೆ ಇಡಬಹುದಾ?

ಬ್ರೂನೊ ಮನೆ (ಮಂಗಳೂರು):
ಮುಚ್ಚಳ ಗಟ್ಟಿ ಇರುವ ಡಬ್ಬಿಯಲ್ಲಿ ಹಾಕಿ ಫ್ರಿಜ್ಜಿನ ಕೆಳಗಿನ ಖಾನೆಯಲ್ಲಿಡಿ, ಫ್ರೀಜರ್ ಬೇಡ. ಸಾಧ್ಯ ಆದ್ರೆ ಹೊರಡುವ ಮೊದಲು ಮಾಡಿದ ತಾಜಾ ಒಂದು ಸಹ ತಗೊಂಡು ಹೋಗಿ. ಲೋಳೆ ಇರುವ ಭಾಗವನ್ನೇ ತೆಗೀರಿ. ಡಬ್ಬಿ ಮೇಲೆ ದಿನಾಂಕ, ಗಂಟೆ ಬರೀರಿ. ಮತ್ತೆ ನಾನು ಸಾರ್ ಅಲ್ಲ, ಮೇಡಂ.

ಧಾರವಾಡದವ:
ಅಕ್ಕಾರ, ಹೋಗಿ ಬಂದ ಮ್ಯಾಲ ಏನಂದ್ರು ಅಂತ ಬರೀರಿ. ಅಂಬಲಿ ಹೆಂಗ ಮಾಡೂದು ಅಂತ ಬೇಕಿದ್ರ ಹೇಳ್ತೀನಿ, ಜಾಯಿಕಾಯಿ ಬಿಟ್ಟು.