ಸೆಕೆಂಡ್‌ಹ್ಯಾಂಡ್ ಕುಟುಂಬ ದೋಣಿ: ಸ್ಟರ್ನ್‌ಡ್ರೈವ್ ಒಳ್ಳೆಯದೋ, ಔಟ್‌ಬೋರ್ಡ್ ಒಳ್ಳೆಯದೋ?

ಪ್ರಶ್ನೆ
ಕುಟುಂಬಕ್ಕೆಂದು ಹಳೆಯ ಮೋಟಾರು ದೋಣಿಯೊಂದನ್ನು ಹುಡುಕುತ್ತಿದ್ದು, ಕೊನೆಗೆ ಎರಡು ಉಳಿದುಕೊಂಡಿವೆ. ಎರಡೂ ಫೈಬರ್‌ಗ್ಲಾಸಿನವು, ಸುಮಾರು 20 ಅಡಿ ಉದ್ದದವು. ಬೆಲೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ಮೊದಲನೆಯದು, ಎಂಜಿನ್ ಒಳಗೂ ಪ್ರೊಪೆಲ್ಲರ್ ತಿರುಗಿಸುವ ಡ್ರೈವ್ ಹಿಂಬದಿಯ ಹೊರಗೂ ಇರುವ 2012ರ ಸ್ಟರ್ನ್‌ಡ್ರೈವ್. ಎಂಜಿನ್ ಓಡಿರುವುದು 210 ಗಂಟೆ ಮಾತ್ರ. ಎರಡನೆಯದು, ಇಡೀ ಎಂಜಿನ್ನೇ ಹಿಂಗೋಡೆಯ ಹೊರಗೆ ತೂಗುವ 2010ರ ಫೋರ್‌ಸ್ಟ್ರೋಕ್ ಔಟ್‌ಬೋರ್ಡ್, 540 ಗಂಟೆ ಓಡಿದೆ. ಆದರೆ ಪ್ರತಿ ವರ್ಷದ ಸರ್ವಿಸ್ ರಸೀದಿಗಳನ್ನು ಮಾಲೀಕರು ಜೋಡಿಸಿಟ್ಟಿದ್ದಾರೆ. ಹೆಚ್ಚಾಗಿ ಸರೋವರದಲ್ಲಿ, ಆಗಾಗ ನದೀಮುಖದ ಉಪ್ಪುನೀರಿನಲ್ಲಿ ಬಳಸುವ ಆಲೋಚನೆಯಿದೆ. ಮಕ್ಕಳು ನೀರಿಗಿಳಿಯಲು ಮೊದಲನೆಯದರ ಹಿಂಬದಿಯ ಅಗಲವಾದ ಕಟ್ಟೆ ಅನುಕೂಲ. ಕಡಿಮೆ ಓಡಿರುವುದನ್ನೇ ಕೊಳ್ಳುವುದು ಸರಿಯಲ್ಲವೇ?

ಉತ್ತರ 1
ಗಂಟೆ ಕಡಿಮೆಯಿದೆ ಎಂಬುದನ್ನೇ ಗುಣವೆಂದು ಎಣಿಸಬೇಡಿ. ವರ್ಷಗಟ್ಟಲೆ ನಿಂತೇ ಇದ್ದ ಎಂಜಿನ್ನಿನಲ್ಲಿ ಪೆಟ್ರೋಲು ಕೆಟ್ಟು ಅಂಟಾಗುತ್ತದೆ, ನೀರಿನ ಪಂಪಿನ ರಬ್ಬರ್ ಇಂಪೆಲ್ಲರ್ (ನೀರು ತಳ್ಳುವ ರೆಕ್ಕೆಗಾಲಿ) ಬಾಗಿದಂತೆಯೇ ಸೆಟೆದುಕೊಳ್ಳುತ್ತದೆ. ಸ್ಟರ್ನ್‌ಡ್ರೈವ್‌ನಲ್ಲಿ ಎಂಜಿನ್ ದೋಣಿಯ ಒಳಗೂ ಡ್ರೈವ್ ಹೊರಗೂ ಇರುವುದರಿಂದ, ಅವೆರಡನ್ನು ಜೋಡಿಸುವ ಶಾಫ್ಟು ಹಿಂಗೋಡೆಯನ್ನು ತೂರಿ ಹೋಗುತ್ತದೆ. ಅದಕ್ಕೆ ಹೊದಿಸಿರುವ ಸುಕ್ಕುಸುಕ್ಕಾದ ರಬ್ಬರ್ ಬೆಲ್ಲೋಸ್ ಹರಿದರೆ ಮೊದಲು ಬೇರಿಂಗಿಗೆ ತುಕ್ಕು ಹಿಡಿಯುತ್ತದೆ, ಅಲಕ್ಷಿಸಿದರೆ ದೋಣಿಯೊಳಗೇ ನೀರು ನುಗ್ಗಬಹುದು. ಓಡಿಸದಿದ್ದರೂ ರಬ್ಬರಿಗೆ ವಯಸ್ಸಾಗುತ್ತಲೇ ಇರುತ್ತದೆ. ಬೆಲ್ಲೋಸನ್ನು ಯಾವಾಗ ಬದಲಾಯಿಸಿದರೆಂದು ಮಾಲೀಕರನ್ನು ಕೇಳಿ. ಇನ್ನು ಉಪ್ಪುನೀರಿನ ಮಾತು. ಹೊರಗಿನ ನೀರನ್ನೇ ನೇರವಾಗಿ ಹಾಯಿಸಿ ತಂಪಾಗಿಸುವ ಎಂಜಿನ್ ಆಗಿದ್ದರೆ, ಎರಕದ ಕಬ್ಬಿಣದ ಎಕ್ಸಾಸ್ಟ್ ಮ್ಯಾನಿಫೋಲ್ಡ್ (ಹೊಗೆ ಹೊರಹೋಗುವ ಕೊಳವೆ) ಒಳಗೊಳಗೇ ಸವೆದು ಸಿಲಿಂಡರಿಗೆ ನೀರು ಇಳಿಯಬಹುದು. ಔಟ್‌ಬೋರ್ಡನ್ನಾದರೋ ನೀರಿನಿಂದ ಮೇಲೆತ್ತಿಡಬಹುದು, ಸಿಹಿನೀರು ಹಾಯಿಸಿ ಒಳಗೆಲ್ಲ ತೊಳೆಯಬಹುದು. ನಾನಾಗಿದ್ದರೆ ಎರಡನೆಯದನ್ನೇ ಆರಿಸುತ್ತಿದ್ದೆ.

ಉತ್ತರ 2
ಮೇಲಿನವರ ಮಾತನ್ನು ಒಪ್ಪುತ್ತೇನೆ. ಆದರೆ ಎಂಜಿನ್ನನ್ನು ಬದಲಾಯಿಸಬಹುದು, ಒಳಗೆ ಕೊಳೆತ ದೋಣಿಯನ್ನು ಸರಿಪಡಿಸುವುದು ಬಹಳ ದುಬಾರಿ. ಅನೇಕ ಫೈಬರ್ ದೋಣಿಗಳ ಹಿಂಗೋಡೆಯ ಒಳಗಿರುವುದು ಪ್ಲೈವುಡ್. ಸರಿಯಾಗಿ ಮುಚ್ಚದ ಒಂದು ಸ್ಕ್ರೂ ರಂಧ್ರದಿಂದಲೂ ಅದಕ್ಕೆ ನೀರು ಇಳಿಯುತ್ತದೆ. ಪ್ಲಾಸ್ಟಿಕ್ ಸುತ್ತಿಗೆಯಿಂದ ಮೆಲ್ಲಗೆ ಬಡಿಯುತ್ತಾ ಹೋಗಿ: ಗಟ್ಟಿ ಜಾಗದಲ್ಲಿ ಟಕ್ ಟಕ್ ಎನ್ನುವುದು ಕೊಳೆತ ಕಡೆ ಮಂಕಾಗುತ್ತದೆ. ಔಟ್‌ಬೋರ್ಡನ್ನು ಮೇಲೆತ್ತಿ ಅದರ ಕೆಳತುದಿಯನ್ನು ಹಿಡಿದು ಅದುಮಿದಾಗ ಹಿಂಗೋಡೆ ಕಣ್ಣಿಗೆ ಕಾಣುವಷ್ಟು ಬಾಗಿದರೆ ಆ ವ್ಯವಹಾರ ಬೇಡ. ಗೇರ್ ಆಯಿಲ್ ಹಾಲು ಬೆರೆತಂತೆ ಬೆಳ್ಳಗಿದ್ದರೆ ಸೀಲುಗಳು ಹೋಗಿವೆಯೆಂದೇ ತಿಳಿಯಿರಿ. ಸಿಲಿಂಡರಿನೊಳಗಿನ ಒತ್ತಡ ಅಳೆಯುವ ಕಂಪ್ರೆಷನ್ ಪರೀಕ್ಷೆಯಲ್ಲಿ ಸಿಲಿಂಡರ್‌ಗಳ ನಡುವಿನ ವ್ಯತ್ಯಾಸ ಸುಮಾರು ಶೇ. 10ರೊಳಗಿರಬೇಕು.

ಉತ್ತರ 3
ಹಿಂಬದಿಯ ಕಟ್ಟೆಯ ಬಗ್ಗೆ ಯಾರೂ ಹೇಳಲಿಲ್ಲ. ಎಂಜಿನ್ ಚಾಲೂ ಇದ್ದಾಗ ಅಲ್ಲಿ ಮಕ್ಕಳನ್ನು ಕೂರಿಸಲೇಬಾರದು; ಪ್ರೊಪೆಲ್ಲರಿನ ಅಪಾಯವಷ್ಟೇ ಅಲ್ಲ, ವಾಸನೆಯೇ ಇಲ್ಲದ ಕಾರ್ಬನ್ ಮಾನಾಕ್ಸೈಡ್ ದೋಣಿಯ ಹಿಂಭಾಗದಲ್ಲೇ ಸೇರಿಕೊಳ್ಳುತ್ತದೆ. ಔಟ್‌ಬೋರ್ಡಿಗೂ ಈ ಮಾತು ಅನ್ವಯಿಸುತ್ತದೆ. ಸ್ಟರ್ನ್‌ಡ್ರೈವ್‌ನಲ್ಲಿ ಎಂಜಿನ್ ಕೋಣೆಯೊಳಗೆ ಪೆಟ್ರೋಲ್ ಆವಿ ನಿಲ್ಲಬಹುದಾದ್ದರಿಂದ, ಚಾಲೂ ಮಾಡುವ ಮೊದಲು ಕನಿಷ್ಠ 4 ನಿಮಿಷ ಆ ಆವಿಯನ್ನು ಹೊರಹಾಕುವ ಬ್ಲೋವರ್ (ಫ್ಯಾನ್) ಓಡಿಸುವ ಅಭ್ಯಾಸವೂ ಬೇಕು. ನೀರಿನ ಮೇಲಿನ ಪರೀಕ್ಷೆಗೆ ಹೋದಾಗ ಮೊದಲು ಎಂಜಿನ್ನನ್ನು ಮುಟ್ಟಿ ನೋಡಿ. ಬಿಸಿಯಾಗಿದ್ದರೆ, ತಣ್ಣಗಿದ್ದಾಗ ಅದು ಹೇಗೆ ಶುರುವಾಗುತ್ತದೆಂಬುದು ನಿಮಗೆ ತಿಳಿಯುವುದಿಲ್ಲ. ಮನೆಯವರೆಲ್ಲರನ್ನೂ ಹತ್ತಿಸಿ ಪೂರ್ಣ ವೇಗದಲ್ಲಿ ಓಡಿಸಿ, ಆರ್‌ಪಿಎಂ ತಯಾರಕರು ಹೇಳಿದ ಮಿತಿಯನ್ನು ಮುಟ್ಟುವುದೋ ಇಲ್ಲವೋ ಗಮನಿಸಿ.

ಪ್ರಶ್ನೆ ಕೇಳಿದವರು
ಎಲ್ಲರಿಗೂ ಧನ್ಯವಾದಗಳು. ಬೆಲ್ಲೋಸ್ ಬಗ್ಗೆ ವಿಚಾರಿಸಿದಾಗ ಮೊದಲ ದೋಣಿಯ ಮಾಲೀಕರಿಗೆ ನೆನಪಿರಲಿಲ್ಲ, ದಾಖಲೆಯೂ ಸಿಗಲಿಲ್ಲ. ಎರಡನೆಯದನ್ನು ನೀರಿನಿಂದ ಮೇಲೆತ್ತಿಸಿ ದೋಣಿ ತಪಾಸಣೆ ಮಾಡುವ ಸರ್ವೇಯರ್ ಒಬ್ಬರಿಂದ ಪರೀಕ್ಷೆ ಮಾಡಿಸಲು ಮಾಲೀಕರು ಒಪ್ಪಿದ್ದಾರೆ. ವರದಿ ಕೈಸೇರುವವರೆಗೆ ಮುಂಗಡ ಕೊಡುವುದಿಲ್ಲ.