ಮಗಳಿಗೆ ಇ-ರೀಡರ್: ಕಿಂಡಲ್, ಕೊಬೊ, ಇಲ್ಲಾ ಮನೇಲಿರೋ ಹಳೇ ಟ್ಯಾಬೇ ಸಾಕಾ?

ಹೊಸ ನೆಲ:
ಎಲ್ಲರಿಗೂ ನಮಸ್ಕಾರ. ಈ ಗುಂಪಿಗೂ ಹೊಸಬಳು, ಈ ದೇಶಕ್ಕೂ ಹೊಸಬಳು. ಮಗಳಿಗೆ ಒಂಬತ್ತು ವರ್ಷ, ಓದೋ ಹುಚ್ಚು ವಿಪರೀತ. ಲೈಬ್ರರಿಯಿಂದ ತಂದ ಪುಸ್ತಕ ಎರಡೇ ದಿನಕ್ಕೆ ಮುಗಿಸಿ ಮುಖ ನೋಡ್ತಾಳೆ. ಕನ್ನಡ ಪುಸ್ತಕ ಜಾಸ್ತಿ ತರೋಕೆ ಆಗಲಿಲ್ಲ, ಲಗೇಜ್ ತೂಕದ ಕಥೆ ನಿಮಗೆಲ್ಲ ಗೊತ್ತೇ ಇದೆ. ಒಂದು ಇ-ರೀಡರ್ ಕೊಡಿಸೋಣ ಅನ್ನಿಸಿದೆ. ಸದ್ಯಕ್ಕೆ ಒಬ್ಬರ ಸಂಬಳದಲ್ಲೇ ಮನೆ ನಡೆಯುತ್ತಿರೋದರಿಂದ ಕಡಿಮೆ ಬೆಲೆಯದ್ದೇ ಬೇಕು, ಕೆಲವು ವರ್ಷ ಬಾಳಿಕೆಯೂ ಬರಬೇಕು. ಕಿಂಡಲ್‌ನ ಸಾದಾ ಮಾಡೆಲ್, ಕೊಬೊ ಕ್ಲಾರಾ ಎರಡನ್ನೂ ನೋಡಿದ್ದೇನೆ. ನಮ್ಮನೆಯವರು ಹಳೇ ಟ್ಯಾಬ್ ಇದೆಯಲ್ಲ ಅಂತಾರೆ. ಲೈಬ್ರರಿಯ ಇ-ಪುಸ್ತಕ ಯಾವುದರಲ್ಲಿ ಬರುತ್ತೆ? ಕನ್ನಡ ಸರಿಯಾಗಿ ಕಾಣುತ್ತಾ? ಇಲ್ಲಾ ಸುಮ್ನೆ ದುಡ್ಡು ದಂಡ ಆಗುತ್ತಾ? ದಯವಿಟ್ಟು ಹೇಳಿ.

ಕಿಟಕಿ ಸೀಟು:
ಕಿಂಡಲ್. ಕಣ್ಣು ಮುಚ್ಚಿ ತಗೊಳ್ಳಿ. ನಮ್ಮನೇಲಿ ಮೂರಿವೆ.

ಪುಟ ತಿರುವು:
ಕಣ್ಣು ಮುಚ್ಚಬೇಡಿ ಮೇಡಂ, ಸ್ವಲ್ಪ ತೆರೆದೇ ತಗೊಳ್ಳಿ. ನಿಮ್ಮ ಲೈಬ್ರರಿ ಲಿಬ್ಬಿ ಆ್ಯಪ್‌ನಲ್ಲಿ ಇ-ಪುಸ್ತಕ ಕೊಡುತ್ತಾ ಅನ್ನೋದನ್ನ ಮೊದಲು ಕೇಳಿ. ಕೊಡುತ್ತೆ ಅಂದರೆ ಅರ್ಧ ತೀರ್ಮಾನ ಆದ ಹಾಗೆ. ಲಿಬ್ಬಿ ಪುಸ್ತಕ ಕಿಂಡಲ್‌ಗೆ ಬರೋದು ಅಮೆರಿಕದ ಲೈಬ್ರರಿಗಳಿಂದ ಮಾತ್ರ. ನೀವು ಬೇರೆ ದೇಶದಲ್ಲಿದ್ದರೆ ಕಿಂಡಲ್‌ನಲ್ಲಿ ಆ ದಾರಿ ಇಲ್ಲ. ಕೊಬೊದಲ್ಲಿ ಓವರ್‌ಡ್ರೈವ್, ಅಂದರೆ ಲಿಬ್ಬಿಯವರದ್ದೇ ಲೈಬ್ರರಿ ಸೇವೆ, ಒಳಗೇ ಇರುತ್ತೆ. ಲೈಬ್ರರಿ ಕಾರ್ಡ್ ಹಾಕಿ ಲಾಗಿನ್ ಆದರೆ ಪುಸ್ತಕ ನೇರ ಇಳಿಯುತ್ತೆ, ಅವಧಿ ಮುಗಿದಾಗ ತಾನೇ ವಾಪಸ್ ಹೋಗುತ್ತೆ. ತಡವಾದ ದಂಡದ ತಲೆನೋವೂ ಇಲ್ಲ. ಇಷ್ಟು ಓದುವ ಮಗುವಿಗೆ ಪುಸ್ತಕ ಕೊಳ್ಳುತ್ತಾ ಹೋದರೆ ಮೂಗಿಗಿಂತ ಮೂಗುತಿ ಭಾರ ಆಗುತ್ತೆ. ಯಂತ್ರದ ಬೆಲೆ ಒಂದೇ ಸಲದ್ದು, ಪುಸ್ತಕದ್ದು ಹಾಗಲ್ಲ.

ಅದು ಬಿಟ್ಟರೆ ಎರಡೂ ಆರು ಇಂಚು, ಎರಡರಲ್ಲೂ ಇಂಚಿಗೆ 300 ಚುಕ್ಕೆ, ಅಕ್ಷರ ಅಚ್ಚಾದ ಹಾಗೆ ಕಾಣುತ್ತೆ. 2024ರಲ್ಲಿ ಬಂದ ಕ್ಲಾರಾ ಬಿಡಬ್ಲ್ಯು ನೀರಿಗೆ ಬಿದ್ದರೂ ತಡೆಯುತ್ತೆ, ರಾತ್ರಿಗೆ ಬೆಳಕನ್ನು ಹಳದಿ ಮಾಡಿಕೊಳ್ಳಬಹುದು. ಸಾದಾ ಕಿಂಡಲ್‌ನಲ್ಲಿ ಎರಡೂ ಇಲ್ಲ. ಅವು ಬೇಕಂದ್ರೆ ಕಿಂಡಲ್‌ನದ್ದೇ ಮೇಲಿನ ಮಾಡೆಲ್ ಪೇಪರ್‌ವೈಟ್‌ಗೆ ಹೋಗಬೇಕು, ಅದು ನಿಮ್ಮ ಬಜೆಟ್ ಮೀರಬಹುದು.

ಹಳೇ ಬೇರು:
ಇಷ್ಟು ವರ್ಷದಿಂದ ಈ ಗುಂಪಿನಲ್ಲಿದ್ದೇನೆ. ಪ್ರತಿ ಸಲ ಇದೇ ಕಥೆ. ಹೊಸಬರು ಬರ್ತಾರೆ, ಮಗುವಿಗೆ ಯಾವ ಯಂತ್ರ ಕೊಡಿಸಲಿ ಅಂತ ಕೇಳ್ತಾರೆ. ತಂಗಿ, ಯಾವ ಯಂತ್ರವೂ ಬೇಡ. ಮಗುವಿನ ಕೈಗೆ ಪುಸ್ತಕ ಕೊಡಿ, ಕಾಗದದ ಪುಸ್ತಕ. ರಾತ್ರಿ ಪಕ್ಕದಲ್ಲಿ ಕೂತು ಕನ್ನಡ ಓದಿಸಿ. ಒಂಬತ್ತು ವರ್ಷ ಅಂದರೆ ಕಾಲ ಮೀರುತ್ತಿದೆ. ಇನ್ನು ಮೂರು ವರ್ಷ ಬಿಟ್ಟರೆ ನಿಮ್ಮ ಮಾತಿಗೆ ಇಂಗ್ಲಿಷಿನಲ್ಲಿ ಉತ್ತರ ಬರುತ್ತೆ. ಆಮೇಲೆ ಭುಜ ಕುಣಿಸೋದೇ ಉತ್ತರ. ಇನ್ನೊಂದು ಮಾತು. ಕಿಂಡಲ್‌ನವರು 2016ರ ಕೊನೆಯಲ್ಲಿ ಭಾರತದ ಭಾಷೆಗಳ ಪುಸ್ತಕ ತಂದೆವು ಅಂತ ಡಂಗುರ ಸಾರಿದರು. ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ. ಐದರಲ್ಲಿ ಕನ್ನಡ ಇರಲಿಲ್ಲ. ನಮ್ಮ ಭಾಷೆಗೆ ಜಾಗ ಕೊಡದವರಿಗೆ ನಮ್ಮ ದುಡ್ಡು ಯಾಕೆ?

ಸರ್ಕ್ಯೂಟ್ ಸ್ವಾಮಿ:
ಸರ್, ಇ-ರೀಡರ್ ಅಂದ್ರೆ ಟ್ಯಾಬ್ ಅಲ್ಲ. ಒಂದೇ ಗಂಟಿಗೆ ಎರಡನ್ನೂ ಕಟ್ಟಬೇಡಿ. ಇ-ಇಂಕ್ ಸ್ಕ್ರೀನಿನೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಗುಳಿಗೆಗಳಿವೆ. ಅದರೊಳಗೆ ಕಪ್ಪು ಬಿಳಿ ಕಣ. ವಿದ್ಯುತ್ ಹಾಯಿಸಿದಾಗ ಕಪ್ಪೋ ಬಿಳಿಯೋ ಮೇಲೆ ಬರುತ್ತೆ, ಬಂದದ್ದು ಅಲ್ಲೇ ನಿಲ್ಲುತ್ತೆ. ಪುಟ ತಿರುಗಿಸಿದಾಗ ಮಾತ್ರ ಸ್ಕ್ರೀನಿಗೆ ಬ್ಯಾಟರಿ ಖರ್ಚು, ಅದಕ್ಕೇ ವಾರಗಟ್ಟಲೆ ಚಾರ್ಜ್ ಬೇಡ. ಬೆಳಕು ಹಿಂದಿನಿಂದ ಕಣ್ಣಿಗೆ ಹೊಡೆಯಲ್ಲ, ಅಂಚಿನಿಂದ ಪುಟದ ಮೇಲೆ ಬೀಳುತ್ತೆ. ವಿಡಿಯೋ ಓಡಲ್ಲ. ಆಟ ಓಡಲ್ಲ. ಮಗು ಬೇಜಾರಾಗಿ ಕೊನೆಗೆ ಓದೇ ಓದುತ್ತೆ.

ಹಳೇ ಬೇರು:
ಪರದೆ ಪರದೆಯೇ.

ಸರ್ಕ್ಯೂಟ್ ಸ್ವಾಮಿ:
ಹಾಗಾದರೆ ನೀವು ಈ ಗುಂಪನ್ನ ಕಾಗದದ ಮೇಲೆ ಓದ್ತಿದ್ದೀರಾ ಸರ್? 😀

ಎರಡು ಜಡೆ:
ಹಳೇ ಬೇರು ಸರ್ ಹೇಳೋದು ನಿಜ. ನನ್ನ ಮಗನಿಗೆ ಈಗ ಹದಿನಾರು. ಕನ್ನಡ ಚೆನ್ನಾಗಿ ಅರ್ಥ ಆಗುತ್ತೆ, ಅಜ್ಜಿ ಫೋನ್ ಮಾಡಿದರೆ ಮಾತೂ ಆಡ್ತಾನೆ. ಓದೋಕೆ ಮಾತ್ರ ಬರಲ್ಲ. ಅಜ್ಜಿ ಕೈಬರಹದ ಕಾಗದ ಕಳಿಸಿದ್ದರು, ನಾನೇ ಓದಿ ಹೇಳಿದೆ. ಅವನು ನನ್ನ ಬೆರಳು ಅಕ್ಷರದ ಕೆಳಗೆ ಓಡೋದನ್ನೇ ನೋಡ್ತಿದ್ದ. ಕೆಲಸ, ಪ್ರಯಾಣ, ಅವನ ಈಜು ತರಗತಿ, ವರ್ಷಗಳು ಹಾಗೇ ಹೋದವು. ಇ-ರೀಡರ್ ಬಗ್ಗೆ ನನಗೆ ಗೊತ್ತಿಲ್ಲ.

ಅಪ್ಪನ ಲೆಕ್ಕ:
ನಮ್ಮ ಇಬ್ಬರೂ ಮಕ್ಕಳು ಕನ್ನಡ ಓದುತ್ತಾರೆ, ಬರೆಯುತ್ತಾರೆ. ದೊಡ್ಡವಳು ಸಂಘದ ಪತ್ರಿಕೆಗೆ ಪದ್ಯ ಕೊಟ್ಟಿದ್ದಾಳೆ. ನಮ್ಮನೆ ನಿಯಮ ಒಂದೇ: ಬಾಗಿಲು ದಾಟಿ ಒಳಗೆ ಬಂದರೆ ಕನ್ನಡ. ಅಷ್ಟು ಶಿಸ್ತು ಇದ್ದರೆ ಯಂತ್ರ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ.

ಎರಡು ಜಡೆ:
ಎಲ್ಲರ ಮನೆಯಲ್ಲೂ ಇಬ್ಬರು ದೊಡ್ಡವರು ಸಂಜೆ ಐದಕ್ಕೆ ಮನೆಗೆ ಬರಲ್ಲ ಸರ್.

ಅಪ್ಪನ ಲೆಕ್ಕ:
ನಾನು ಯಾರಿಗೂ ಬೊಟ್ಟು ಮಾಡಿ ಹೇಳಲಿಲ್ಲ.

ಕಿಟಕಿ ಸೀಟು:
ಪ್ರಶ್ನೆ ಕಿಂಡಲ್ಲೋ ಕೊಬೊನೋ ಅನ್ನೋದು. ಕಿಂಡಲ್‌ನ ಮಕ್ಕಳ ಆವೃತ್ತಿ ನೋಡಿ. ಯಂತ್ರ ಅದೇ ಸಾದಾ ಕಿಂಡಲ್. ಜೊತೆಗೆ ಕವರ್ ಕೊಡ್ತಾರೆ, ಜಾಹೀರಾತು ಇರಲ್ಲ, ಒಡೆದರೂ ಎರಡು ವರ್ಷದ ಒಳಗೆ ಬದಲಿಸಿ ಕೊಡ್ತಾರೆ. ಒಂಬತ್ತು ವರ್ಷದ ಮಗು ಅಂದಮೇಲೆ ಬೀಳಿಸದೇ ಇರುತ್ತಾ? ಎಲ್ಲ ದೇಶದಲ್ಲೂ ಸಿಗಲ್ಲ, ನಿಮ್ಮಲ್ಲಿ ಇದೆಯಾ ನೋಡಿ. ಒಂದೇ ಕುಟುಂಬದ ಖಾತೆಯಲ್ಲಿ ಇಬ್ಬರು ದೊಡ್ಡವರು, ನಾಲ್ಕು ಮಕ್ಕಳು ಪುಸ್ತಕ ಹಂಚಿಕೊಳ್ಳಬಹುದು. ನಮ್ಮನೇಲಿ ಮೂರಿರೋದು ಅದಕ್ಕೇ.

ಹೊಸ ನೆಲ:
ಎಲ್ಲರಿಗೂ ಧನ್ಯವಾದ. ನಮ್ಮ ಲೈಬ್ರರಿಯಲ್ಲಿ ಲಿಬ್ಬಿ ಇದೆ, ವಿಚಾರಿಸಿದೆ. ನಾವು ಅಮೆರಿಕದಲ್ಲಿಲ್ಲ. ಹಳೇ ಬೇರು ಅಣ್ಣ, ನೀವು ಹೇಳಿದ್ದು ಮನಸ್ಸಿಗೆ ನಾಟಿತು, ಪಕ್ಕದಲ್ಲಿ ಕೂತು ಓದಿಸ್ತಾ ಇದ್ದೀನಿ. ಆದರೆ ಇಲ್ಲಿ ಕನ್ನಡದ ಕಾಗದದ ಪುಸ್ತಕ ಎಲ್ಲಿಂದ ತರಲಿ? ಅಂಚೆಯ ಖರ್ಚೇ ಪುಸ್ತಕದ ಎರಡರಷ್ಟು. ಅದಕ್ಕೇ ಕೇಳಿದ್ದು, ಇ-ರೀಡರ್‌ನಲ್ಲಿ ಕನ್ನಡ ಸರಿಯಾಗಿ ಬರುತ್ತಾ ಅಂತ.

ಹಳೇ ಬೇರು:
ಮನಸ್ಸಿದ್ದರೆ ಮಾರ್ಗ, ತಂಗಿ. ಊರಿಗೆ ಹೋಗಿ ಬರುವವರೆಲ್ಲ ಎರಡೆರಡು ಪುಸ್ತಕ ತಂದರೆ ಗುಂಪಿಗೊಂದು ಕಪಾಟು ತುಂಬುತ್ತೆ. ಈ ಸಲಹೆ ನಾನು ಕೊಡ್ತಾನೇ ಇದ್ದೀನಿ. ಯಾರು ಕೇಳ್ತಾರೆ? ಬಟ್ಟೆಗೆ ಸೂಟ್‌ಕೇಸ್ ತುಂಬ ಜಾಗ ಇದೆ, ಪುಸ್ತಕಕ್ಕೆ ಇಲ್ಲ.

ನಾಲ್ಕನೇ ಮಹಡಿ:
ಹಳೇ ಬೇರು ಸರ್‌ಗೆ ನೂರಕ್ಕೆ ನೂರು ಅಂಕ 👏

ಮಳೆಬಿಲ್ಲು:
👏👏 ನಮ್ಮ ಭಾಷೆ ನಮ್ಮ ಹೆಮ್ಮೆ. ಕಿಂಡಲ್ ಕೊಳ್ಳೋದು ನಿಲ್ಲಿಸೋಣ.

ಸರ್ಕ್ಯೂಟ್ ಸ್ವಾಮಿ:
ಅಯ್ಯೋ. ಅವರು ಕೇಳಿದ್ದು ಏನು, ಇಲ್ಲಿ ನಡೀತಿರೋದು ಏನು.

ಪುಟ ತಿರುವು:
ಕನ್ನಡದ ವಿಷಯಕ್ಕೆ ಬರ್ತೀನಿ ಮೇಡಂ, ಇದನ್ನ ಸ್ವಲ್ಪ ಬಿಡಿಸಿ ಹೇಳಬೇಕು.

ಅಂಗಡಿಯಿಂದ ಬಂದ ಇ-ರೀಡರ್‌ನಲ್ಲಿ ಕನ್ನಡ ತಾನಾಗೇ ಚೆನ್ನಾಗಿ ಬರುತ್ತೆ ಅಂತ ನಂಬಬೇಡಿ. ಅಕ್ಷರ ಇರೋದು ಬೇರೆ, ಒತ್ತಕ್ಷರ ಕೂಡಿಕೊಳ್ಳೋದು ಬೇರೆ. ನಾನು ಮೊದಲು ಇಟ್ಟಿದ್ದ ಒಂದು ರೀಡರ್‌ನಲ್ಲಿ 'ಅಕ್ಕ' ಅನ್ನೋದು 'ಅಕ್‌ಕ' ಅಂತ ಬರ್ತಿತ್ತು. ಒತ್ತು ಕೆಳಗೆ ಇಳಿಯದೆ ಪಕ್ಕದಲ್ಲೇ ನಿಂತುಬಿಡೋದು. ದೊಡ್ಡವರು ಹೇಗೋ ಓದಿಕೊಳ್ತೀವಿ. ಈಗಷ್ಟೇ ಅಕ್ಷರ ಗಟ್ಟಿ ಮಾಡಿಕೊಳ್ಳುತ್ತಿರೋ ಮಗು ಹಾಗೇ ಕಲಿತುಬಿಡುತ್ತೆ.

ಕೊಬೊಗೆ ದಾರಿ ಇದೆ. ಕಂಪ್ಯೂಟರ್‌ಗೆ ಕೇಬಲ್ ಹಾಕಿ, ಕೊಬೊ ಒಳಗೆ ಫಾಂಟ್ಸ್ (fonts) ಅನ್ನೋ ಫೋಲ್ಡರ್ ಮಾಡಿ, ಅದರಲ್ಲಿ ನೋಟೋ ಸೆರಿಫ್ ಕನ್ನಡ ಫಾಂಟ್ ಹಾಕಿ. ಅದು ಉಚಿತ. ಪುಸ್ತಕವನ್ನು ಬರೀ ಇಪಬ್ (ಇ-ಪುಸ್ತಕದ ಸಾಮಾನ್ಯ ಫೈಲ್) ಆಗಿ ಹಾಕಬೇಡಿ, ಕೆಪಬ್ (ಕೊಬೊದ್ದೇ ಫೈಲ್ ರೂಪ) ಮಾಡಿ ಹಾಕಿ. ಕೊಬೊ ಈ ಎರಡಕ್ಕೂ ಬೇರೆ ಬೇರೆ ತಂತ್ರಾಂಶ ಬಳಸುತ್ತೆ, ಭಾರತದ ಲಿಪಿಗಳಿಗೆ ಕೆಪಬ್‌ನದ್ದೇ ವಾಸಿ. ಕ್ಯಾಲಿಬರ್ ಅನ್ನೋ ಉಚಿತ ತಂತ್ರಾಂಶ ಇದೆ, 2025ರಲ್ಲಿ ಬಂದ 8ನೇ ಆವೃತ್ತಿಯಿಂದ ಅದೇ ಕೆಪಬ್ ಮಾಡಿಕೊಡುತ್ತೆ. ಆದ ಮೇಲೆ 'ರಾಷ್ಟ್ರ', 'ಲಕ್ಷ್ಮಿ', 'ಸೂರ್ಯ' ಮೂರು ಪದ ಹುಡುಕಿ ನೋಡಿ. ಮೂರೂ ಸರಿ ಬಂದರೆ ಉಳಿದದ್ದೂ ಬಹುತೇಕ ಸರಿ. ಅಲ್ಲೂ ತೊಂದರೆ ಆದರೆ ಕೆಒರೀಡರ್ ಅನ್ನೋ ಉಚಿತ ಓದುಗ ತಂತ್ರಾಂಶ ಕೊಬೊ ಮೇಲೆ ಹಾಕಬಹುದು, ಒತ್ತಕ್ಷರ ಚೆನ್ನಾಗಿ ಕೂಡಿಸುತ್ತೆ. ಕಿಂಡಲ್‌ಗೆ ಅದನ್ನ ಹಾಕಬೇಕಂದ್ರೆ ಕಂಪನಿಯ ತಂತ್ರಾಂಶದ ಬೀಗ ಒಡೆಯಬೇಕು, ಆ ಉಸಾಬರಿ ಬೇಡ.

ಪುಸ್ತಕ ಎಲ್ಲಿ? ಪ್ರಥಮ್ ಬುಕ್ಸ್‌ನ ಸ್ಟೋರಿವೀವರ್‌ನಲ್ಲಿ ಮಕ್ಕಳ ಕನ್ನಡ ಪುಸ್ತಕ ಉಚಿತ. ನಾಲ್ಕು ಹಂತ ಮಾಡಿದ್ದಾರೆ, ನಿಮ್ಮ ಮಗಳಿಗೆ ಮೂರು ನಾಲ್ಕನೇ ಹಂತ ಹೊಂದಬಹುದು. ಚಿತ್ರ ಜಾಸ್ತಿ ಇರೋ ಪುಸ್ತಕ ಕಪ್ಪು ಬಿಳುಪಿನಲ್ಲಿ ಸಪ್ಪೆ, ಅವನ್ನ ಆ ಹಳೇ ಟ್ಯಾಬ್‌ನಲ್ಲೇ ನೋಡಿ, ನಿಮ್ಮನೆಯವರಿಗೂ ಸಮಾಧಾನ. ಕನ್ನಡ ವಿಕಿಸೋರ್ಸ್‌ನಲ್ಲಿ ಹಕ್ಕುಸ್ವಾಮ್ಯ ಮುಗಿದ ಹಳೆಯ ಕೃತಿಗಳನ್ನ ಇಪಬ್ ಆಗಿ ಇಳಿಸಿಕೊಳ್ಳಬಹುದು, ಅದು ಅವಳು ದೊಡ್ಡವಳಾದ ಮೇಲೆ. ಸ್ಕ್ಯಾನ್ ಮಾಡಿದ ಪಿಡಿಎಫ್ ನಂಬಿ ಮಾತ್ರ ಆರು ಇಂಚಿನ ರೀಡರ್ ಕೊಳ್ಳಬೇಡಿ. ಅದು ಪುಟದ ಫೋಟೋ, ಅಕ್ಷರ ಒಂದನ್ನೇ ದೊಡ್ಡದು ಮಾಡೋಕೆ ಆಗಲ್ಲ.

ಸರ್ಕ್ಯೂಟ್ ಸ್ವಾಮಿ:
ಇಷ್ಟೆಲ್ಲ ಸರ್ಕಸ್ ಯಾಕೆ? ಬೂಕ್ಸ್ ಅಂತ ಇನ್ನೊಂದು ಕಂಪನಿಯ ಇ-ರೀಡರ್ ಇದೆ, ಅದು ತಗೊಳ್ಳಿ. ಆಂಡ್ರಾಯ್ಡ್ ಓಡುತ್ತೆ. ಮೈಲ್ಯಾಂಗ್ ಆ್ಯಪ್ ಹಾಕಿದರೆ ಕನ್ನಡ ಪುಸ್ತಕ ಕೊಂಡು ಅಲ್ಲೇ ಓದಬಹುದು. ಲಿಬ್ಬಿ ಆ್ಯಪ್, ಕಿಂಡಲ್ ಆ್ಯಪ್, ಕೊಬೊ ಆ್ಯಪ್ ಎಲ್ಲ ಒಂದರಲ್ಲೇ.

ಪುಟ ತಿರುವು:
ಬಜೆಟ್ ಅಂದಿದ್ದಾರೆ ಸ್ವಾಮಿ. ಮತ್ತೆ ಆಂಡ್ರಾಯ್ಡ್ ಅಂದಮೇಲೆ ವಿಡಿಯೋನೂ ಓಡುತ್ತೆ, ಕೆಟ್ಟದಾಗಿ ಓಡಿದರೂ ಮಕ್ಕಳು ನೋಡ್ತಾರೆ. ನೀವೇ ಮೇಲೆ ಆಟ ಓಡಲ್ಲ ಅಂತ ಇ-ರೀಡರ್ ಹೊಗಳಿದ್ದಲ್ವಾ?

ಹಳೇ ಬೇರು:
ನೋಡಿದಿರಾ? ಒಂದು ಮಗುವಿಗೆ ಕನ್ನಡ ಓದಿಸೋಕೆ ಎಷ್ಟು ಆ್ಯಪ್, ಎಷ್ಟು ಕೇಬಲ್! ನಮ್ಮ ಕಾಲದಲ್ಲಿ ಒಂದೇ ಪುಸ್ತಕ, ಮನೆಯ ಮಕ್ಕಳೆಲ್ಲ ಓದಿ ಅಂಚು ಸವೆದಿರ್ತಿತ್ತು. ಈ ಯಂತ್ರದ ಪುಸ್ತಕ ನಿಮ್ಮದೂ ಅಲ್ಲ. 2025ರ ಫೆಬ್ರವರಿಯಲ್ಲಿ ಕಿಂಡಲ್‌ನವರು, ಕೊಂಡ ಪುಸ್ತಕವನ್ನು ಕಂಪ್ಯೂಟರ್‌ಗೆ ಇಳಿಸಿಕೊಳ್ಳೋ ಸೌಲಭ್ಯವನ್ನೇ ತೆಗೆದುಹಾಕಿದರು. ದುಡ್ಡು ಕೊಟ್ಟವರು ನಾವು, ಬೀಗದ ಕೈ ಅವರ ಹತ್ತಿರ.

ಪುಟ ತಿರುವು:
ಆ ಮಾತು ಒಪ್ಪಿದೆ ಸರ್. ನಿಜವಾಗಿ ಕಿಂಡಲ್ ವಿರುದ್ಧ ನಿಮ್ಮ ಅತ್ಯುತ್ತಮ ವಾದ ಅದು, 2016ರದ್ದಲ್ಲ. ಆದರೆ ಇವರು ಓದಬೇಕೆಂದಿರೋದು ಲೈಬ್ರರಿ ಪುಸ್ತಕ, ಉಚಿತ ಪುಸ್ತಕ. ಬೀಗದ ಪ್ರಶ್ನೆ ಅಷ್ಟಾಗಿ ಬರಲ್ಲ.

ಮಳೆಬಿಲ್ಲು:
ಕನ್ನಡ ಶಾಲೆ ನಡೆಸೋ ಬಗ್ಗೆ ಯಾರಾದರೂ ಬೇರೆ ಚರ್ಚೆ ಶುರು ಮಾಡಿ. ಇದು ಮುಖ್ಯ ವಿಷಯ.

ಎರಡು ಜಡೆ:
ಹದಿನಾರಕ್ಕೆ ಓದು ಕಲಿಸಬಹುದಾ? ಯಾರಾದರೂ ಕಲಿಸಿದ್ದೀರಾ?

ಅಪ್ಪನ ಲೆಕ್ಕ:
ಕಲಿಸಬಹುದು ಮೇಡಂ. ಕಾಗುಣಿತದಿಂದ ಶುರು ಮಾಡಬೇಡಿ, ಆ ವಯಸ್ಸಿಗೆ ಬೋರು. ಅವನಿಗೆ ಬಾಯಿಪಾಠ ಇರೋ ಹಾಡಿನ ಸಾಲು ದೊಡ್ಡಕ್ಷರದಲ್ಲಿ ಬರೆದು ಕೊಡಿ. ಮಾತು ಗೊತ್ತಿರೋದರಿಂದ ಅಕ್ಷರವನ್ನ ತಾನೇ ಊಹಿಸ್ತಾನೆ. ನಮ್ಮ ಚಿಕ್ಕವನು ಹಾಗೇ ಕಲಿತದ್ದು.

ಎರಡು ಜಡೆ:
ಇದು ಮಾಡ್ತೀನಿ. ಥ್ಯಾಂಕ್ಸ್ ಸರ್.

ಕಿಟಕಿ ಸೀಟು:
ಕಣ್ಣಿನ ಬಗ್ಗೆ ಯಾರೂ ಹೇಳಲಿಲ್ಲ. ಇ-ಇಂಕ್ ಆದರೂ ಹತ್ತಿರದ ಓದು ಹತ್ತಿರದ ಓದೇ. ಮಗು ದಿನಾ ಹೊರಗೆ ಬಿಸಿಲಲ್ಲಿ ಆಡಲಿ, ದೂರದ್ದು ಮಸುಕಾಗದೆ ಕಾಣೋಕೆ ಅದು ಮುಖ್ಯ ಅಂತ ಕಣ್ಣಿನ ಡಾಕ್ಟರುಗಳೇ ಹೇಳ್ತಾರೆ. ಕತ್ತಲೆ ಕೋಣೆಯಲ್ಲಿ ಹೊದಿಕೆ ಒಳಗೆ ಓದೋಕೆ ಬಿಡಬೇಡಿ.

ಹೊಸ ನೆಲ:
ಹೊದಿಕೆ ಒಳಗೆ ಓದೋದು ಈಗಲೇ ನಡೀತಿದೆ, ಟಾರ್ಚ್ ಹಿಡಿದು 🙈 ಪುಟ ತಿರುವು ಅವರೇ, ಕೊಬೊ ಕ್ಲಾರಾನೇ ತಗೊಳ್ತೀನಿ. ಹೊಸದು ಕೈಗೆಟುಕಲ್ಲ. ಕಂಪನಿಯವರೇ ರಿಪೇರಿ ಮಾಡಿ ಮಾರೋದು ಒಂದಿದೆ. ಇನ್ನೊಂದು, ಇಲ್ಲೇ ಯಾರೋ ಮನೆಯಿಂದ ಮಾರ್ತಿದ್ದಾರೆ, ಅದು ಇನ್ನೂ ಅಗ್ಗ. ಯಾವುದು?

ಪುಟ ತಿರುವು:
ಸ್ವಲ್ಪ ಜಾಸ್ತಿ ಆದರೂ ಕಂಪನಿಯದ್ದೇ. ವಾರಂಟಿ ಇರುತ್ತೆ, ಹಿಂದಿರುಗಿಸೋ ಅವಕಾಶ ಇರುತ್ತೆ. ಆ ಅವಧಿ ಮುಗಿಯೋದರೊಳಗೆ ಕನ್ನಡ ಫಾಂಟ್ ಹಾಕಿ ಆ ಮೂರು ಪದ ನೋಡಿಬಿಡಿ. ಮನೆಯಿಂದ ಮಾರುವವರದ್ದೇ ತಗೊಳ್ಳೋದಾದರೆ ದುಡ್ಡು ಕೊಡೋ ಮೊದಲು ಅವರ ಎದುರಿಗೇ ಅವರ ಖಾತೆ ತೆಗೆಸಿ, ನಿಮ್ಮ ಖಾತೆ ಹಾಕಿ ನೋಡಿ. ಸ್ಕ್ರೀನ್ ಪೂರ್ತಿ ಬಿಳಿ ಪುಟ ಬರೋ ಹಾಗೆ ಮಾಡಿ ಗೆರೆ, ಕಪ್ಪು ಚುಕ್ಕೆ ಇದೆಯಾ ನೋಡಿ. ಬೆಳಕು ಪೂರ್ತಿ ಏರಿಸಿ ಮೂಲೆಗಳನ್ನ ನೋಡಿ. ಚಾರ್ಜಿಂಗ್ ತೂತು ಸಡಿಲ ಇದ್ದರೆ ಬೇಡ. ಕ್ಲಾರಾ ಬಿಡಬ್ಲ್ಯುಗೆ ಬಿಡಿಭಾಗ ಮತ್ತು ರಿಪೇರಿ ವಿವರ ಐಫಿಕ್ಸಿಟ್ ಅನ್ನೋ ರಿಪೇರಿ ಜಾಲತಾಣದಲ್ಲಿ ಸಿಗುತ್ತೆ. ಮುಂದೆ ಬ್ಯಾಟರಿ ಹೋದರೂ ಬಿಸಾಡಬೇಕಾಗಿಲ್ಲ. ಹಳೇ ಕ್ಲಾರಾ ಎಚ್‌ಡಿ ಆಗಿದ್ದರೆ ನೀರು ತಾಗಿಸಬೇಡಿ, ಅದಕ್ಕೆ ನೀರಿನ ರಕ್ಷಣೆ ಇಲ್ಲ. ಮಾರೋರು ಎರಡನ್ನೂ ಬರೀ ಕ್ಲಾರಾ ಅಂತಲೇ ಹಾಕ್ತಾರೆ, ಯಾವುದು ಅಂತ ಕೇಳಿ.

ಹೊಸ ನೆಲ:
ಕೇಳಿದೆ. ಅದು ಎಚ್‌ಡಿನೇ. ಕಂಪನಿಯದ್ದಕ್ಕೆ ಆರ್ಡರ್ ಹಾಕಿದೆ.

ಹಳೇ ಬೇರು:
ಆಗಲಿ ತಂಗಿ, ನಿಮ್ಮಿಷ್ಟ. ನನ್ನ ಹತ್ತಿರ ಮಕ್ಕಳ ಕನ್ನಡ ಪುಸ್ತಕ ಒಂದು ಪೆಟ್ಟಿಗೆ ಇದೆ, ನನ್ನ ಮಕ್ಕಳು ಮುಟ್ಟಲ್ಲ. ವಿಳಾಸ ಇನ್‌ಬಾಕ್ಸ್‌ಗೆ ಹಾಕಿ, ಕಳಿಸ್ತೀನಿ. ಅಂಚೆ ಖರ್ಚು ನನ್ನದು.

ನಾಲ್ಕನೇ ಮಹಡಿ:
ಸರ್ ನಮಗೂ ಒಂದೆರಡು ಸಿಗುತ್ತಾ?

ಸರ್ಕ್ಯೂಟ್ ಸ್ವಾಮಿ:
ಬೂಕ್ಸ್ ಬಗ್ಗೆ ಯಾರಿಗಾದರೂ ನಿಜವಾಗಿ ಆಸಕ್ತಿ ಇದ್ದರೆ ನನಗೆ ಮೆಸೇಜ್ ಮಾಡಿ.