ಅಪ್‌ಡೇಟ್: ಅಪ್ಪನ ಎದೆಬಡಿತ ಸರಿಹೋಯಿತು
ಅಪ್ಪನಿಗೆ ಎಟ್ರಿಯಲ್ ಫಿಬ್ರಿಲೇಶನ್ (ಹೃದಯದ ಮೇಲಿನ ಕೋಣೆಗಳು ಲಯ ತಪ್ಪಿ ಬಡಿಯುವುದು), ಎದೆಗೆ ಶಾಕ್ ಕೊಡ್ತಾರಂತೆ, ಭಯ ಆಗ್ತಿದೆ ಅಂತ ಕೇಳಿದ್ದೆನಲ್ಲ? ಮೊನ್ನೆ ಕಾರ್ಡಿಯೋವರ್ಷನ್ (ಶಾಕ್ ಕೊಟ್ಟು ಲಯ ಸರಿಪಡಿಸುವುದು) ಆಯಿತು. ಬಡಿತ ಈಗ ಸರಿಯಾಗಿದೆ!

ಆಗ ಇಲ್ಲಿ ಕೆಲವರು ಮುಖಕ್ಕೆ ತಣ್ಣೀರು ಹಾಕಿ ಎಂದಿದ್ದು ಉಪಯೋಗಕ್ಕೆ ಬರಲಿಲ್ಲ. ಅದು ಬೇರೆ ಬಗೆಯ ವೇಗದ ಬಡಿತಕ್ಕಂತೆ. ಮಾತ್ರೆಯಿಂದ ವೇಗ ಇಳಿಯಿತು, ಲಯ ಮರಳಲಿಲ್ಲ. "ರಕ್ತ ತೆಳುವಾಗಿಸುವ ಮಾತ್ರೆ ಒಂದು ಹೊತ್ತೂ ತಪ್ಪಿಸಬೇಡಿ" ಎಂದವರಿಗೆ ಕೈಮುಗಿಯುತ್ತೇನೆ. 3 ವಾರ ಬಿಡದೆ ಕೊಟ್ಟಿದ್ದಕ್ಕೇ ಹೇಳಿದ ದಿನ ಶಾಕ್ ಕೊಟ್ಟರು. ಇಲ್ಲದಿದ್ದರೆ ಹೃದಯದಲ್ಲಿ ಹೆಪ್ಪುಗಟ್ಟಿದ ರಕ್ತ ಮೆದುಳಿಗೆ ಹೋಗಿ ಸ್ಟ್ರೋಕ್ ಆಗಬಹುದಂತೆ. ಇನ್ನೂ 4 ವಾರವಾದರೂ ಮುಂದುವರಿಸಬೇಕು.

ನನಗೆ ಗೊತ್ತೇ ಇರಲಿಲ್ಲ, ಶಾಕ್ ಸುಮ್ನೆ ಯಾವಾಗಲೋ ಕೊಡುವುದಿಲ್ಲ. ಯಂತ್ರ ಇಸಿಜಿಯ ಆರ್ ಅಲೆಗೆ (ಪ್ರತಿ ಬಡಿತದಲ್ಲಿ ಕಾಣುವ ಚೂಪಾದ ಏರಿಕೆಗೆ) ಕಾದು, ಅದೇ ಕ್ಷಣಕ್ಕೆ ಬಿಡುತ್ತದೆ. ಮಂಪರಿನಿಂದ ಎದ್ದ ಅಪ್ಪ "ಇನ್ನೂ ಶುರು ಮಾಡಿಲ್ವಾ?" ಎಂದರು. ಪ್ಯಾಡ್ ಅಂಟಿಸಿದ್ದ ಜಾಗ ಸ್ವಲ್ಪ ಕೆಂಪಾಗಿದೆ, ಅಷ್ಟೇ.